ಕುಣಿತವನ್ನು ಅಕ್ಷರಕ್ಕಿಳಿಸಿದ ಫ್ರಾನ್ಸಿಸ್ಕಾ ರೇಯೆಸ್ ಅಕಿನೊ

ಫಿಲಿಪ್ಪೀನ್ಸ್ ದೇಶಕ್ಕೆ ಹೋದ ಪ್ರವಾಸಿಗರು ಹೆಚ್ಚಾಗಿ ನೋಡಿ ಬರುವ ನೃತ್ಯ ಟಿನಿಕ್ಲಿಂಗ್. ಇಬ್ಬರು ನೆಲದ ಮೇಲೆ ಕುಳಿತು ಎರಡು ಬಿದಿರು ಗಳಗಳನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತಿರುತ್ತಾರೆ. ಕುಣಿಯುವ ಜೋಡಿ ಬರಿಗಾಲಿನಲ್ಲಿ ಗಳಗಳ ನಡುವೆ ಹೆಜ್ಜೆಯಿಟ್ಟು, ಅವು ಕೂಡುವ ಮುನ್ನವೇ ಕಾಲನ್ನು ಎತ್ತಿಕೊಳ್ಳಬೇಕು. ತಾಳ ತಪ್ಪಿದರೆ ಕಾಲಿಗೆ ಪೆಟ್ಟು! ಗದ್ದೆಗಳಲ್ಲಿ ಓಡಾಡುವ ಟಿಕ್ಲಿಂಗ್ ಎಂಬ ಹಕ್ಕಿಯ ನಡಿಗೆಯ ಅನುಕರಣೆ ಇದು. ಲೇಯ್ಟೆ ದ್ವೀಪದ ಹಳ್ಳಿಗರ ಈ ಆಟ ಇಡೀ ರಾಷ್ಟ್ರದ ಶಾಲೆಗಳನ್ನು ಮುಟ್ಟಿದ್ದು ಬಹುಮಟ್ಟಿಗೆ ಒಬ್ಬ ಉಪಾಧ್ಯಾಯಿನಿಯ ಪರಿಶ್ರಮದಿಂದ.

ಫ್ರಾನ್ಸಿಸ್ಕಾ ರೇಯೆಸ್ ಹುಟ್ಟಿದ್ದು 1899ರ ಮಾರ್ಚ್ 9ರಂದು, ಬುಲಕಾನ್ ಪ್ರಾಂತದ ಬೊಕಾವೆಯಲ್ಲಿ. ಮುನ್ನೂರು ವರ್ಷಗಳಿಗೂ ಮೀರಿದ ಸ್ಪೇನಿನ ಆಳ್ವಿಕೆ ಆಗಷ್ಟೇ ಮುಗಿದಿತ್ತು. ಅಮೆರಿಕದೊಡನೆ ಯುದ್ಧ ಆರಂಭವಾಗಿ ಒಂದು ತಿಂಗಳಾಗಿತ್ತು. ಗೆದ್ದ ಅಮೆರಿಕನರು ಶಾಲೆಗಳನ್ನು ತೆರೆದರು, ಇಂಗ್ಲಿಷನ್ನು ಕಲಿಸಿದರು, ವ್ಯಾಯಾಮ ಶಿಕ್ಷಣವನ್ನೂ ತಂದರು. ಆ ಪಾಠಗಳಲ್ಲಿ ಯೂರೋಪಿನ ಹಳ್ಳಿಗರ ಕುಣಿತಗಳಿಗೆ ಸ್ಥಳವಿತ್ತು. ಸ್ವಂತ ನಾಡಿನ ಕುಣಿತ ಮಾತ್ರ ಶಾಲೆಯ ಹೊರಗೇ ನಿಂತಿತ್ತು.

ವಿದ್ಯೆ ಬಂದ ಮನೆಯಿಂದ ಕುಣಿತ ಹೊರಡುವುದು ಅಲ್ಲಿಯದೊಂದೇ ಕಥೆಯಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಊರಿಗೆ ಹೋದಾಗ ಹಿರಿಯರು ಕೋಲಾಟಕ್ಕೆ ಸೇರುತ್ತಾರೆ. ಓದಿದವಳೆಂದು ನನ್ನನ್ನು ಯಾರೂ ಕರೆಯುವುದಿಲ್ಲ, ಕುರ್ಚಿ ಹಾಕಿ ಕೂರಿಸುತ್ತಾರೆ. ಆ ಮರ್ಯಾದೆ ನನಗೆ ಹಿತವಾಗಿಲ್ಲ. ಓದಿದವರಾಗಿಯೂ ಕುರ್ಚಿ ಬಿಟ್ಟು ಎದ್ದವರೆಂಬುದಕ್ಕಾಗಿಯೇ ಫ್ರಾನ್ಸಿಸ್ಕಾ ಅವರ ಮೇಲೆ ನನಗೆ ವಿಶೇಷ ಗೌರವ.

ಫಿಲಿಪ್ಪೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯೇ ವ್ಯಾಯಾಮ ಶಿಕ್ಷಣವನ್ನು ಬೋಧಿಸುತ್ತಿದ್ದ ಆಕೆ, 1926ರಲ್ಲಿ ತಮ್ಮ ಎಂ.ಎ. ಪ್ರಬಂಧಕ್ಕೆ ನಾಡಿನ ಕುಣಿತಗಳನ್ನೂ ಆಟಗಳನ್ನೂ ವಿಷಯವಾಗಿ ಆರಿಸಿಕೊಂಡರು. ಇಂದಿಗೆ ಇದು ಸಹಜವೆನಿಸೀತು. ಆ ಕಾಲಕ್ಕೆ ಧೈರ್ಯದ ಕೆಲಸ. ಮುಂದೆ ಬಾಸ್ಟನ್ನಿನ ಸಾರ್ಜೆಂಟ್ ಕಾಲೇಜಿನಲ್ಲಿಯೂ ಓದಿ ಬಂದರು.

1934ರಲ್ಲಿ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಹೋರ್ಹೆ ಬೊಕೊಬೊ ಅವರ ಪ್ರೋತ್ಸಾಹದಿಂದ ಸಂಗ್ರಹಕಾರ್ಯ ವಿಸ್ತಾರವಾಯಿತು. ರಾಮೋನ್ ಟೊಲೆಂಟಿನೊ, ಸಂಗೀತಗಾರ ಆಂಟೊನಿನೊ ಬ್ಯೂನವೆಂಚುರಾ ಇಬ್ಬರೂ ಜೊತೆಗೂಡಿದರು. ಏಳು ಸಾವಿರಕ್ಕೂ ಮಿಕ್ಕ ದ್ವೀಪಗಳ ನಾಡು ಅದು. ಒಂದೊಂದು ಕುಣಿತಕ್ಕೂ ಒಂದೊಂದು ಪ್ರಯಾಣ. ಲುಬಾಂಗ್ ದ್ವೀಪದ ಪಂಡಾಂಗೊ ಸಾ ಇಲಾವ್‌ನಲ್ಲಿ ನರ್ತಕಿ ತಲೆಯ ಮೇಲೊಂದು, ಎರಡು ಕೈಗಳ ಹಿಂಬದಿಯಲ್ಲಿ ಒಂದೊಂದು ದೀಪವಿಟ್ಟುಕೊಂಡು ಕುಣಿಯುತ್ತಾಳೆ. ಸುರಿಗಾವ್‌ನ ಇಟಿಕ್-ಇಟಿಕ್‌ನಲ್ಲಿ ಬಾತುಕೋಳಿಯ ನಡಿಗೆ. ಲಗುನಾದ ಮಗ್ಲಲಾಟಿಕ್‌ನಲ್ಲಿ ಗಂಡಸರು ಮೈಗೆಲ್ಲ ತೆಂಗಿನ ಚಿಪ್ಪು ಕಟ್ಟಿಕೊಂಡು ತಾಳ ಬಡಿಯುತ್ತಾರೆ.

ಇಂಥವನ್ನು ಕಾಗದಕ್ಕಿಳಿಸುವುದು ಹೇಗೆ? ಎಷ್ಟು ಮಂದಿ, ಯಾವ ಉಡುಪು, ಯಾರು ಎತ್ತ ಮುಖಮಾಡಿ ನಿಲ್ಲಬೇಕು, ಯಾವ ಮಾತ್ರೆಗೆ ಯಾವ ಕಾಲು ಎಂದು ಒಂದೊಂದನ್ನೂ ಎಣಿಸಿ ಬರೆಯುವ ಕ್ರಮವನ್ನು ಆಕೆ ಅನುಸರಿಸಿದರು. ಮಟ್ಟುಗಳನ್ನು ಬ್ಯೂನವೆಂಚುರಾ ಸ್ವರಲಿಪಿಯಲ್ಲಿ ಹಿಡಿದರು. ಹೀಗೆ ಬರೆದಿಟ್ಟದ್ದು ಹೆಪ್ಪುಗಟ್ಟುತ್ತದೆ, ಹಳ್ಳಿಯಲ್ಲಿ ಕುಣಿತ ಊರಿನಿಂದೂರಿಗೆ ಬದಲಾಗುತ್ತದೆ ಎಂಬ ಆಕ್ಷೇಪ ಉಂಟು. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ 1942ರಿಂದ 1945ರವರೆಗೆ ಜಪಾನಿನ ಆಕ್ರಮಣ ನಡೆಯಿತು. ಕೊನೆಯ ಕಾಳಗದಲ್ಲಿ ಮನಿಲಾ ನಗರವೇ ಬೂದಿಯಾಯಿತು. 1946ರಲ್ಲಿ ದೇಶ ಸ್ವತಂತ್ರವಾದಾಗ, ಅದೇ ವರ್ಷ, ಆಕೆಯ ರಾಷ್ಟ್ರೀಯ ನೃತ್ಯಗಳ ಗ್ರಂಥ ಹೊರಬಂದಿತು. ಮೊದಲೇ ಬರೆದಿಡದಿದ್ದರೆ ಹೊಸ ರಾಷ್ಟ್ರದ ಮಕ್ಕಳಿಗೆ ಕೊಡಲು ಏನು ಉಳಿಯುತ್ತಿತ್ತು?

1947ರಲ್ಲಿ ಸರ್ಕಾರಿ ಶಾಲೆಗಳ ವ್ಯಾಯಾಮ ಶಿಕ್ಷಣದ ಅಧೀಕ್ಷಕರಾಗಿ ಆಕೆ ತಮ್ಮ ಸಂಗ್ರಹವನ್ನು ತರಗತಿಗಳಿಗೆ ಒಯ್ದರು. 1958ರಲ್ಲಿ ಬ್ರಸೆಲ್ಸ್ ಮೇಳದಲ್ಲಿ ಬಯನಿಹಾನ್ ತಂಡ ಜಗತ್ತಿನ ಮೆಚ್ಚುಗೆ ಗಳಿಸಿದ್ದರ ಹಿಂದೆಯೂ ಈ ಭೂಮಿಕೆ ಇದೆ. 1962ರಲ್ಲಿ ರಾಮೋನ್ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಅದೇ ವರ್ಷ ಮದರ್ ತೆರೇಸಾ ಅವರಿಗೂ ಬಂದಿತ್ತು. ನಮ್ಮ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು 1991ರಲ್ಲಿ ಪಡೆದದ್ದೂ ಇದನ್ನೇ.

1973ರಲ್ಲಿ ನೃತ್ಯಕ್ಕಾಗಿ ರಾಷ್ಟ್ರೀಯ ಕಲಾವಿದೆಯೆಂಬ ಬಿರುದು ಸಂದ ಮೊದಲನೆಯವರು ಆಕೆ. 1983ರ ನವೆಂಬರ್ 21ರಂದು ತೀರಿಕೊಂಡರು. ಊರೂರು ಅಲೆದು ಮಟ್ಟು ಬರೆದುಕೊಂಡ ಬ್ಯೂನವೆಂಚುರಾ ಅವರಿಗೆ ಸಂಗೀತಕ್ಕಾಗಿ ಅದೇ ಬಿರುದು ದೊರೆತದ್ದು 1988ರಲ್ಲಿ.