ಫೇಲಾದ ಪ್ರಯೋಗ ಮತ್ತು ಜಾರ್ಜ್ ಡಿ ಹೆವೆಶಿ

ಲ್ಯಾಬ್‌ನಲ್ಲಿ ಪ್ರಯೋಗ ಫೇಲಾದ್ರೆ ನಾವು ಏನ್ಮಾಡ್ತೀವಿ? ಪಕ್ಕದ ಬ್ಯಾಚಿನ ರೀಡಿಂಗ್ ನೋಡಿ ರೆಕಾರ್ಡ್ ಬರೆದು ಮುಗಿಸ್ತೀವಿ. ಜಾರ್ಜ್ ಡಿ ಹೆವೆಶಿ ಹಾಗೆ ಮಾಡಲಿಲ್ಲ.

1885ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಇವರು 1911ರಲ್ಲಿ ಮ್ಯಾಂಚೆಸ್ಟರ್‌ಗೆ ಹೋಗಿ ರುದರ್‌ಫರ್ಡ್ ಅವರ ಲ್ಯಾಬ್ ಸೇರಿದರು. ಅಲ್ಲಿ ಸಿಕ್ಕ ಕೆಲಸ, ಸೀಸದ ರಾಶಿಯೊಳಗೆ ಬೆರೆತಿದ್ದ ರೇಡಿಯಂ-ಡಿ ಅನ್ನೋ ವಿಕಿರಣಶೀಲ ವಸ್ತುವನ್ನು ಬೇರೆ ಮಾಡೋದು. ಗೊತ್ತಿದ್ದ ವಿಧಾನಗಳನ್ನೆಲ್ಲ ಪ್ರಯತ್ನಿಸಿದರೂ ಆಗಲಿಲ್ಲ. ಆಗೋ ಹಾಗೂ ಇರಲಿಲ್ಲ, ಯಾಕಂದ್ರೆ ರೇಡಿಯಂ-ಡಿ ಕೂಡ ಸೀಸವೇ, ಅದರದ್ದೇ ಒಂದು ಐಸೋಟೋಪ್.

ಹೆವೆಶಿ ಈ ಸೋಲನ್ನೇ ತಿರುಗಿಸಿ ನೋಡಿದರು. ಬೇರೆ ಮಾಡೋಕೆ ಆಗಲ್ಲ ಅಂದ್ರೆ, ಸೀಸ ಹೋದ ಕಡೆಯೆಲ್ಲ ಇದೂ ಹೋಗಲೇಬೇಕು. ಹಿಂಡಿನಲ್ಲಿ ಒಂದು ಹಸುವಿಗೆ ಗಂಟೆ ಕಟ್ಟಿದರೆ ಸಾಕು, ಹಿಂಡು ಎಲ್ಲಿದೆ ಅಂತ ದೂರದಿಂದಲೇ ತಿಳಿಯುತ್ತೆ. 1913ರಲ್ಲಿ ವಿಯೆನ್ನಾದಲ್ಲಿ ಪಾನೆತ್ ಜೊತೆ ಸೇರಿ ಈ ವಿಧಾನವನ್ನು ಮೊದಲು ಬಳಸಿದರು. 1923ರಲ್ಲಿ ಹುರುಳಿಕಾಯಿ ಜಾತಿಯ ಗಿಡದೊಳಗೆ ಸೀಸ ಹೇಗೆ ಏರುತ್ತೆ ಅಂತ ಪತ್ತೆ ಹಚ್ಚಿದರು. 1935ರಲ್ಲಿ ಇಲಿಗಳಿಗೆ ವಿಕಿರಣಶೀಲ ರಂಜಕ ಕೊಟ್ಟು, ಮೂಳೆ ಕೂಡ ಸದಾ ಹೊಸದಾಗುತ್ತಾ ಇರುತ್ತೆ ಅಂತ ತೋರಿಸಿದರು.

1940ರಲ್ಲಿ ನಾಜಿ ಸೇನೆ ಕೋಪನ್‌ಹೇಗನ್‌ಗೆ ನುಗ್ಗಿದಾಗ ಅವರು ಅಲ್ಲಿ ಬೋರ್ ಅವರ ಸಂಸ್ಥೆಯಲ್ಲಿದ್ದರು. ಲಾವ ಮತ್ತು ಫ್ರಾಂಕ್ ಎಂಬ ಇಬ್ಬರು ವಿಜ್ಞಾನಿಗಳ ನೊಬೆಲ್ ಚಿನ್ನದ ಪದಕಗಳು ಸಿಕ್ಕಿಬಿದ್ದರೆ ಅವರಿಗೆ ಅಪಾಯ. ಹೆವೆಶಿ ಎರಡನ್ನೂ ಆಕ್ವಾ ರೀಜಿಯಾದಲ್ಲಿ ಕರಗಿಸಿ ಬಾಟಲಿಯನ್ನು ಕಪಾಟಿನಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಅದೇ ಚಿನ್ನದಿಂದ ಪದಕಗಳನ್ನು ಮತ್ತೆ ಮಾಡಿಸಲಾಯಿತು. 1943ರ ರಸಾಯನಶಾಸ್ತ್ರದ ನೊಬೆಲ್ ಅವರಿಗೇ ಬಂತು. 1966ರಲ್ಲಿ ತೀರಿಕೊಂಡರು.

ಅವರು ಕಟ್ಟಿದ ಗಂಟೆ ಇಂದಿಗೂ ಆಸ್ಪತ್ರೆಗಳಲ್ಲಿ ಕೇಳಿಸುತ್ತಿದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಟೆಕ್ನೆಗ್ಯಾಸ್ ತಯಾರಾಯಿತು. ಅದರಲ್ಲಿರೋದು ಇಂಗಾಲ ಸುತ್ತಿದ ಟೆಕ್ನೀಷಿಯಂನ ನ್ಯಾನೋ ಕಣಗಳು. ರೋಗಿ ಕೆಲವು ಸಲ ಉಸಿರು ಎಳೆದುಕೊಂಡರೆ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತವೆ. ಇಷ್ಟು ಚಿಕ್ಕ ಕಣ ಕ್ಯಾಮೆರಾಕ್ಕೂ ಕಾಣಲ್ಲ. ಆದ್ರೆ ಅದರಿಂದ ಹೊರಡೋ ಗಾಮಾ ಕಿರಣ ಎದೆ ದಾಟಿ ಹೊರಬರುತ್ತೆ, ಗಾಮಾ ಕ್ಯಾಮೆರಾ ಅದನ್ನು ಹಿಡಿದು ಚಿತ್ರ ಮಾಡುತ್ತೆ. ಗಾಳಿ ತಲುಪದ ಜಾಗ ಚಿತ್ರದಲ್ಲಿ ಖಾಲಿ. ಇದನ್ನು ರಕ್ತ ಹರಿವಿನ ಚಿತ್ರದ ಪಕ್ಕ ಇಟ್ಟು ನೋಡಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ಡಾಕ್ಟರ್ ಹುಡುಕ್ತಾರೆ. ಟೆಕ್ನೀಷಿಯಂನ ವಿಕಿರಣ ಪ್ರತಿ 6 ಗಂಟೆಗೆ ಅರ್ಧ ಆಗ್ತಾ ಹೋಗುತ್ತೆ.

ಮುಂದಿನ ಸಲ ನಮ್ಮ ರೀಡಿಂಗ್ ತಪ್ಪು ಬಂದಾಗ, ಪಕ್ಕದವರ ಪುಸ್ತಕ ತೆರೆಯೋ ಮೊದಲು ಅದು ಯಾಕೆ ಹಾಗೆ ಬಂತು ಅಂತ ಐದು ನಿಮಿಷ ಯೋಚಿಸೋಣ.