ಪರದೆ ಎಳೆದವರ ಗುರುಕುಲ

1994ರ ಸುಮಾರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಗೆ, ಕಷ್ಟದಲ್ಲಿರುವ ವೃದ್ಧ ಕಲಾವಿದರಿಂದ ಮಾಸಾಶನ ಕೋರಿದ ಅರ್ಜಿಗಳು ಬರುತ್ತಿದ್ದವು. ಅವುಗಳಲ್ಲಿ ಒಂದು, ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ಪರದೆ ಎಳೆದು, ದೀಪ ನೋಡಿಕೊಂಡ ಹಿರಿಯರೊಬ್ಬರದು. ಯೌವನದ ಬಹುಭಾಗವನ್ನು ಗುಬ್ಬಿ ಕಂಪನಿಯಲ್ಲಿ ಕಳೆದುದಾಗಿ ಅವರು ಬರೆದಿದ್ದರು. ಕಲಾವಿದನೆನ್ನುವುದಕ್ಕೆ ನಾವು ಕೇಳುತ್ತಿದ್ದ ಪುರಾವೆ ವೇಷದಲ್ಲಿರುವ ಭಾವಚಿತ್ರ ಅಥವಾ ಕರಪತ್ರದಲ್ಲಿ ಅಚ್ಚಾದ ಹೆಸರು. ಅವರ ಬಳಿ ಎರಡೂ ಇರಲಿಲ್ಲ. ಅರ್ಹತೆ ಸಾಬೀತಾಗಿಲ್ಲವೆಂದು ಟಿಪ್ಪಣಿ ಬರೆದು ನಾನು ಕಡತವನ್ನು ಹಿಂದಿರುಗಿಸಿದೆ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ನಿವೃತ್ತಿಯ ನಂತರ ಗುಬ್ಬಿ ವೀರಣ್ಣನವರ ಬದುಕನ್ನು ಬಿಡುವಾಗಿ ಓದುತ್ತಿದ್ದಾಗ ಆ ಟಿಪ್ಪಣಿ ನೆನಪಾಗಿ ನನಗೆ ನಾಚಿಕೆಯಾಯಿತು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 1884ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾಗಿತ್ತು. ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅವರು ಆ ಕಂಪನಿ ಸೇರಿದರು. ಶಾಲೆಯ ಓದು ಹೆಚ್ಚು ದೂರ ಸಾಗಲಿಲ್ಲ. ರಂಗವೇ ಅವರ ಪಾಠಶಾಲೆಯಾಯಿತು. 1917ರ ಹೊತ್ತಿಗೆ ಕಂಪನಿಯ ಒಡೆತನ ಅವರ ಕೈಗೆ ಬಂತು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಅವರು ಮನೆಮಾತಾದರು. ನಾಡು ಅವರನ್ನು ನೆನೆಯುವುದು ನಟರೆಂದು, ಮಾಲೀಕರೆಂದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅವರು ಕಾಣುವುದು ಒಂದು ದೊಡ್ಡ ತಾಂತ್ರಿಕ ಉದ್ಯಮವನ್ನು ಊರಿಂದೂರಿಗೆ ಹೊತ್ತು ಸಾಗಿಸಿದ ಸಾಹಸಿಯಾಗಿ.

ಆ ಉದ್ಯಮದ ಸ್ವರೂಪವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಸಣ್ಣ ಊರುಗಳು ಆಮೇಲೂ ದಶಕಗಳ ಕಾಲ ಕತ್ತಲಲ್ಲಿದ್ದವು. ಅಂಥ ಊರುಗಳಿಗೆ ಗುಬ್ಬಿ ಕಂಪನಿ ತನ್ನದೇ ಡೈನಮೋ ಸಾಗಿಸಿಕೊಂಡು ಹೋಗಿ ರಂಗವನ್ನು ಬೆಳಗುತ್ತಿತ್ತು. ಎಷ್ಟೋ ಹಳ್ಳಿಗರು ಮೊದಲು ವಿದ್ಯುದ್ದೀಪ ಕಂಡದ್ದು ನಾಟಕದ ಡೇರೆಯಲ್ಲೇ ಇರಬೇಕು. ಯಂತ್ರ ಕೆಟ್ಟರೆ ರಿಪೇರಿಗೆ ಪೇಟೆಯಿಂದ ಯಾರೂ ಬರುವಂತಿರಲಿಲ್ಲ. ಕಂಪನಿಯ ಆಳೇ ಅದನ್ನು ಕಲಿತಿರಬೇಕಿತ್ತು.

ಪರದೆಯ ವಿದ್ಯೆ ಇನ್ನೂ ಸೂಕ್ಷ್ಮವಾದದ್ದು. ಮುಂದೆ ಬೀದಿಯ ಪರದೆ ಬಿಟ್ಟು ಹಾಸ್ಯದ ದೃಶ್ಯ ನಡೆಸುವುದು, ಅದೇ ಹೊತ್ತಿಗೆ ಹಿಂದೆ ದರ್ಬಾರಿನ ಸಜ್ಜಿಕೆಯನ್ನು ಸದ್ದಿಲ್ಲದೆ ಜೋಡಿಸುವುದು ವೃತ್ತಿರಂಗಭೂಮಿಯ ಕ್ರಮ. ನಗೆಯ ಪ್ರಸಂಗ ಮುಗಿಯುವುದಕ್ಕೂ ಸಿಂಹಾಸನ ಸಿದ್ಧವಾಗುವುದಕ್ಕೂ ತಾಳ ಕೂಡಬೇಕು. ಸ್ವತಃ ಹಾಸ್ಯನಟರಾಗಿದ್ದ ವೀರಣ್ಣನವರಿಗೆ ಈ ಲೆಕ್ಕ ರಕ್ತಗತವಾಗಿದ್ದಿರಬೇಕು. ಹಗ್ಗ ಹಿಡಿದವನು ಒಂದು ಕ್ಷಣ ಎಡವಿದರೆ ರಾಜನ ಆಸ್ಥಾನದಲ್ಲಿ ಕೂಲಿಯಾಳು ಕಾಣಿಸಿಕೊಳ್ಳುತ್ತಾನೆ!

ಈ ಶಿಸ್ತು ತುತ್ತತುದಿ ಮುಟ್ಟಿದ್ದು 1934ರ ‘ಕುರುಕ್ಷೇತ್ರ’ದಲ್ಲಿ. ಬಿ. ಪುಟ್ಟಸ್ವಾಮಯ್ಯನವರು ಬರೆದ ಆ ನಾಟಕದಲ್ಲಿ ಜೀವಂತ ಆನೆ, ಕುದುರೆಗಳು ರಂಗಕ್ಕೆ ಬಂದವು. ಪ್ರೇಕ್ಷಕನಿಗೆ ಅದು ಬೆರಗು. ನೇಪಥ್ಯದವನಿಗೆ ಅದು ಆನೆಯ ಭಾರ ತಡೆಯುವ ನೆಲ, ಬೆಳಕಿಗೂ ಸದ್ದಿಗೂ ಬೆದರದಂತೆ ಪ್ರಾಣಿಯನ್ನು ಪಳಗಿಸುವ ತಾಳ್ಮೆ, ಅದು ಒಳಬರುವ ದಾರಿಯಲ್ಲಿ ಒಂದು ಹಗ್ಗವೂ ಅಡ್ಡ ಬಾರದ ಎಚ್ಚರ. ಬಡಗಿ, ಚಿತ್ರಗಾರ, ದರ್ಜಿ, ದೀಪದವನು, ಮಾವುತ ಒಂದೇ ಕೈಯಾಗಿ ದುಡಿಯದೆ ಆ ಯುದ್ಧ ನಡೆಯುತ್ತಿರಲಿಲ್ಲ.

ಇವರಿಗೆಲ್ಲ ತರಬೇತಿ ಕೊಟ್ಟವರು ಯಾರು? ಕಂಪನಿಯೇ. ಹುಡುಗನಾಗಿ ಸೇರಿದವನು ಪೆಟ್ಟಿಗೆ ಹೊರುತ್ತ, ಬಣ್ಣ ಅರೆಯುತ್ತ, ಹಗ್ಗ ಹಿಡಿಯುತ್ತ ಕಲಿಯುತ್ತಿದ್ದ. ಊಟ, ವಸತಿ ಕಂಪನಿಯದು. ಕಲಿತವನು ನಾಳೆ ಬೇರೆ ಕಡೆ ಹೋದರೆ ಹಾಕಿದ ದುಡ್ಡು ನಷ್ಟವೆಂದು ಎಣಿಸುವುದು ಉದ್ಯಮಿಯ ಸಹಜ ಬುದ್ಧಿ. ವೀರಣ್ಣನವರು ಹಾಗೆ ಎಣಿಸಲಿಲ್ಲ. ಮನೆ ಬಿಟ್ಟು ಬಂದ ಬಾಲಕ ಬಿ.ವಿ. ಕಾರಂತರನ್ನು ಸಲಹಿ, ಮುಂದೆ ಓದಲೆಂದು ಕಾಶಿಗೆ ಕಳಿಸಿದರು. ಆ ಕಾರಂತರು 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ರಾಜಕುಮಾರ್, ಜಿ.ವಿ. ಅಯ್ಯರ್ ಕೂಡ ಅದೇ ಗರಡಿಯವರು. ಇವರ ಹೆಸರು ನಮಗೆ ಗೊತ್ತು. ಅದೇ ಅನ್ನ ಉಂಡು ಪರದೆಯ ಹಿಂದೆಯೇ ಉಳಿದವರ ಹೆಸರು ಗೊತ್ತಿಲ್ಲ.

ವೀರಣ್ಣನವರು ಚಿತ್ರಮಂದಿರ, ಚಿತ್ರ ನಿರ್ಮಾಣಗಳಿಗೂ ಕೈಹಾಕಿದರು. ಅವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಸಿನಿಮಾದ ಅಬ್ಬರದಲ್ಲಿ ಕಂಪನಿಗಳು ಒಂದೊಂದಾಗಿ ಡೇರೆ ಬಿಚ್ಚಿದಾಗ ನಾವು ನಾಟಕಗಳು ಹೋದವೆಂದು ಮರುಗಿದೆವು. ನೇಪಥ್ಯದ ಕುಶಲಕರ್ಮಿಗಳನ್ನು ತಯಾರಿಸುತ್ತಿದ್ದ ಶಾಲೆಯೂ ಜೊತೆಗೇ ಮುಚ್ಚಿತೆಂಬುದು ನಮ್ಮ ಗಮನಕ್ಕೆ ಬರಲಿಲ್ಲ.

ಆ ಕೊರತೆಯನ್ನು ರಂಗಶಿಕ್ಷಣ ಸಂಸ್ಥೆಗಳು ಒಂದಿಷ್ಟು ತುಂಬಿವೆ. 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ, 1980ರಲ್ಲಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾದವು. ಬೆಳಕು, ರಂಗಸಜ್ಜಿಕೆ, ಪ್ರಸಾಧನಗಳು ಪಾಠದ ವಿಷಯಗಳಾದವು. ಆದರೆ ಅಲ್ಲಿಗೆ ಹೋಗುವವರಲ್ಲಿ ಬಹುಪಾಲು ಮಂದಿಯ ಕಣ್ಣು ನಟನೆ, ನಿರ್ದೇಶನಗಳ ಮೇಲಿರುತ್ತದೆ. ಹಗ್ಗ, ರಾಟೆ, ತಂತಿಗಳನ್ನೇ ಜೀವನೋಪಾಯವಾಗಿಸಿಕೊಳ್ಳಬಯಸುವ ಬಡವರ ಮಗನಿಗೆ ದಾರಿ ಇನ್ನೂ ಸುಗಮವಾಗಿಲ್ಲ. ತಲೆಯ ಮೇಲೆ ಭಾರದ ದೀಪಗಳು ತೂಗುವ ಜಾಗದಲ್ಲಿ ಅರೆಕಲಿತ ಕೈ ಅಪಾಯಕಾರಿಯೂ ಹೌದು.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಕೆಲಸ ಕಲಿಯುವವರಿಗೆ ಭತ್ಯೆ ಕೊಡುವ ತತ್ವವನ್ನು 1961ರ ಅಪ್ರೆಂಟಿಸ್ ಕಾಯ್ದೆಯೇ ಒಪ್ಪಿದೆ. ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್, ಬಡಗಿಗಳನ್ನು ಜಿಲ್ಲಾ ರಂಗಮಂದಿರಗಳು ಒಂದೆರಡು ವರ್ಷ ಅಭ್ಯಾಸಿಗಳಾಗಿ ತೆಗೆದುಕೊಂಡು, ಅನುಭವಿಗಳ ಕೈಕೆಳಗೆ ಕಲಿಸಿ, ಕೊನೆಯಲ್ಲಿ ಪ್ರಮಾಣಪತ್ರ ಕೊಡಬಹುದು. ವೀರಣ್ಣನವರು ಟಿಕೆಟ್ಟಿನ ಹಣದಿಂದ ಮಾಡಿದ್ದನ್ನು ಸರ್ಕಾರ ತೆರಿಗೆಯ ಹಣದಿಂದ ಮಾಡಲಾರದೇ?

ಆ ಹಿರಿಯರು ಮತ್ತೆ ಅರ್ಜಿ ಹಾಕಲಿಲ್ಲ. ನಾನೂ ಅವರನ್ನು ಹುಡುಕಲಿಲ್ಲ. ಬೆಂಗಳೂರಿನ ಗುಬ್ಬಿ ವೀರಣ್ಣ ರಂಗಮಂದಿರದ ಮುಂದೆ ಹಾಯುವಾಗ ಫಲಕದ ಮೇಲಿನ ದೊಡ್ಡ ಹೆಸರಿನ ಜೊತೆಗೆ, ನಾನು ಹಿಂದಿರುಗಿಸಿದ ಕಡತದಲ್ಲಿದ್ದ ಆ ಹೆಸರನ್ನೂ ನೆನಪಿಸಿಕೊಳ್ಳಲು ಯತ್ನಿಸುತ್ತೇನೆ. ಅದು ನೆನಪಿಗೆ ಬರುವುದಿಲ್ಲ.