ಮೊಲೊಕಾಯಿಯ ಸಂತ ಡೇಮಿಯನ್ನರು

ಯೇಸುಸ್ವಾಮಿಯ ಶಿಲುಬೆಯನ್ನು ಮನಸಾರೆ ಹೊತ್ತ ಗುರುಗಳಲ್ಲಿ ಸಂತ ಡೇಮಿಯನ್ನರನ್ನು ನಾವು ವಿಶೇಷವಾಗಿ ಸ್ಮರಿಸುತ್ತೇವೆ. 1840ರಲ್ಲಿ ಬೆಲ್ಜಿಯಂ ದೇಶದ ಟ್ರೆಮೆಲೊ ಗ್ರಾಮದಲ್ಲಿ ಜನಿಸಿದ ಇವರು, 1864ರಲ್ಲಿ ಹವಾಯಿ ದ್ವೀಪಗಳಲ್ಲಿ ಗುರುದೀಕ್ಷೆ ಪಡೆದರು. ಅಲ್ಲಿಯ ಸರ್ಕಾರವು ಕುಷ್ಠರೋಗಿಗಳನ್ನು ಮನೆಮಂದಿಯಿಂದ ಬೇರ್ಪಡಿಸಿ ಮೊಲೊಕಾಯಿ ದ್ವೀಪಕ್ಕೆ ಸಾಗಿಸುತ್ತಿತ್ತು. 1873ರ ಮೇ 10ರಂದು, ತಮ್ಮ 33ನೆಯ ವಯಸ್ಸಿನಲ್ಲಿ, ಡೇಮಿಯನ್ನರು ಸ್ವಇಚ್ಛೆಯಿಂದ ಅಲ್ಲಿಗೆ ತೆರಳಿದರು. ರೋಗಿಗಳ ಹುಣ್ಣುಗಳಿಗೆ ಮದ್ದು ಕಟ್ಟಿದರು. ಶವಪೆಟ್ಟಿಗೆಗಳನ್ನು ತಾವೇ ಮಾಡಿ, ಮೃತರನ್ನು ಗೌರವದಿಂದ ಮಣ್ಣುಮಾಡಿದರು.

1884ರ ಡಿಸೆಂಬರಿನಲ್ಲಿ ಒಂದು ದಿನ ಕುದಿನೀರು ತಗಲಿ ಅವರ ಕಾಲು ಬೆಂದಿತು. ನೋವು ಮಾತ್ರ ತಿಳಿಯಲಿಲ್ಲ. ರೋಗವು ತಮಗೂ ಅಂಟಿತೆಂದು ಅವರು ಅರಿತರು. ಚಿಕಿತ್ಸೆಯನ್ನು ಪಡೆದರು, ಆದರೆ ತಮ್ಮ ಜನರನ್ನು ತೊರೆಯಲಿಲ್ಲ. ಪಾಪನಿವೇದನೆಗೆ ಬೇರೊಬ್ಬ ಗುರುಗಳಿಲ್ಲದ ಒಂಟಿತನವು ಅವರನ್ನು ಬಹಳವಾಗಿ ಬಾಧಿಸಿತು. ಪರಮಪ್ರಸಾದದ ಸನ್ನಿಧಿಯಲ್ಲಿ ಅವರು ಬಲ ಕಂಡುಕೊಂಡರು. ಕೊನೆಯವರೆಗೂ ದುಡಿದು, 1889ರ ಏಪ್ರಿಲ್ 15ರಂದು ದೈವಾಧೀನರಾದರು. 2009ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅವರಿಗೆ ಸಂತ ಪದವಿಯನ್ನಿತ್ತರು.

ಇಂದು ಕುಷ್ಠರೋಗವನ್ನು ಗುಣಪಡಿಸುವ ಮದ್ದುಗಳಿವೆ. ಆದರೂ ರೋಗಶಯ್ಯೆಯಲ್ಲಿ ಒಂಟಿಯಾಗಿರುವವರು ನಮ್ಮ ನೆರೆಹೊರೆಯಲ್ಲಿದ್ದಾರೆ. ನಮಗೊದಗಿದ ಕಷ್ಟವನ್ನು ದೇವರಿಗೊಪ್ಪಿಸಿದಾಗ, ಅಂಥವರ ನೋವನ್ನು ಅರಿಯುವ ಹೃದಯವನ್ನು ಅವರು ನಮಗೆ ಕರುಣಿಸುತ್ತಾರೆ. ನಾವು ಬೇಡಬೇಕಾದ ವರವಿದು.